ಎಡ ಭುಜ ಅಂದರೆ ಯಾವ ಎಡ? ಒಂದು ತೊಗಲುಗೊಂಬೆಯ ಸ್ಥಿತಿ ವರದಿಯ ಪ್ರಕರಣ

ಪೆಟ್ಟಿಗೆಯ ಮುಚ್ಚಳ ತೆಗೆದು ಮೇಲಿನ ಬಟ್ಟೆ ಸರಿಸಿದ ಕೂಡಲೇ ಕಣ್ಣಿಗೆ ಬಿದ್ದದ್ದು ರಾವಣನ ಭುಜ. ಭುಜಕೀರ್ತಿಯ ಅಂಚಿನಿಂದ ಎದೆಯ ಹಾರದ ಕಡೆಗೆ ಒಂದು ಸೀಳು. ಸ್ಕೇಲ್ ಇಟ್ಟು ಅಳೆದೆವು, 38 ಮಿಲಿಮೀಟರ್. ಮಳೆಗಾಲದ ಮೂರು ತಿಂಗಳು ಕರಾವಳಿಯ ಒಂದು ಊರಿನ ಪ್ರದರ್ಶನಕ್ಕೆ ಎರವಲು ಹೋಗಿ ಬಂದ ಗೊಂಬೆ ಅದು. ಹೋಗುವಾಗ ಈ ಸೀಳು ಇರಲಿಲ್ಲ ಅಂತ ನನಗೆ ಚೆನ್ನಾಗಿ ನೆನಪಿತ್ತು. ಆದರೆ ನೆನಪಿರೋದು ಬೇರೆ, ಕಾಗದದ ಮೇಲೆ ತೋರಿಸೋದು ಬೇರೆ, ಅಲ್ವಾ?

ನಾನು ಬಯಲುಸೀಮೆಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಸಂಗ್ರಹ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮ ಸಂಸ್ಥೆಯ ಹೆಸರೂ ಬೇಡ, ಗೊಂಬೆ ತೆಗೆದುಕೊಂಡು ಹೋದವರ ಹೆಸರೂ ಬೇಡ. ಎರಡೂ ಕಡೆ ತಪ್ಪಾಗಿದೆ, ಎರಡೂ ಕಡೆ ಒಳ್ಳೆಯ ಜನ ಇದ್ದಾರೆ. ಆದರೆ ಆದದ್ದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಇಂಥ ಪರಿಸ್ಥಿತಿ ನಮಗೊಬ್ಬರಿಗೇ ಬಂದದ್ದಲ್ಲ. ಇಬ್ಬರೋ ಮೂವರೋ ಸಿಬ್ಬಂದಿ ಇಟ್ಟುಕೊಂಡು ನೂರಾರು ವಸ್ತು ಕಾಯುವ ಎಲ್ಲರಿಗೂ ಇದು ಯಾವತ್ತಾದರೂ ಬರುತ್ತದೆ.

ಮೊದಲು ನಮ್ಮ ಹತ್ತಿರ ಏನು ದಾಖಲೆ ಇತ್ತು ಅಂತ ಹೇಳುತ್ತೇನೆ.

ಹಳೆಯ ಅಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಸಂಗ್ರಹಕ್ಕೆ ಬಂದ ವಸ್ತುಗಳನ್ನು ನಂಬರು ಕೊಟ್ಟು ಬರೆದಿಡುವ ಪುಸ್ತಕದಲ್ಲಿ, ಈ ಗೊಂಬೆಗೆ ಒಂದು ಸಾಲು ಇದೆ. ನಂಬರು, "ರಾವಣ, ತೊಗಲು", ಎತ್ತರ, ಯಾರಿಂದ ಬಂತು, ಕೊನೆಯ ಕಾಲಂನಲ್ಲಿ "ಚೆನ್ನಾಗಿದೆ". ಆ ಪುಟದಲ್ಲಿರುವ ಹದಿನೆಂಟು ಗೊಂಬೆಗಳಿಗೂ ಹೀಗೇ. ಮೊದಲನೆಯದಕ್ಕೆ "ಚೆನ್ನಾಗಿದೆ" ಅಂತ ಬರೆದು, ಕೆಳಗಿನ ಹದಿನೇಳಕ್ಕೆ ಬರೀ ಎರಡು ಗೆರೆ ಎಳೆದಿದ್ದಾರೆ. ಬರೆದವರನ್ನು ನಾನು ದೂರುವುದಿಲ್ಲ. ಆಗ ಅವರಿಗೆ ಬೇಕಾಗಿದ್ದದ್ದು ವಸ್ತು ಇದೆಯೋ ಇಲ್ಲವೋ ಅನ್ನುವ ಲೆಕ್ಕ ಮಾತ್ರ.

ಎರಡನೆಯ ದಾಖಲೆ, ಎರವಲು ಕಳಿಸುವ ದಿನ ನಾನೇ ಬರೆದ ಸ್ಥಿತಿ ವರದಿ. ಇದ್ದದ್ದು ಇಷ್ಟು: "ಸಾಮಾನ್ಯವಾಗಿ ಚೆನ್ನಾಗಿದೆ. ಎಡ ಭುಜದ ಹತ್ತಿರ ಸಣ್ಣ ಹರಕು. ಬಣ್ಣ ಅಲ್ಲಲ್ಲಿ ಉದುರಿದೆ. ಸ್ವಲ್ಪ ಸುಕ್ಕು." ನಾಲ್ಕು ವಾಕ್ಯ. ಕೆಳಗೆ ಗಾಡಿ ನಿಂತಿತ್ತು, ಡ್ರೈವರ್ ಎರಡು ಸಲ ಹಾರ್ನ್ ಮಾಡಿದ್ದರು, ಒಟ್ಟು ಒಂಬತ್ತು ಗೊಂಬೆಗಳಿಗೆ ಬರೆಯಬೇಕಿತ್ತು. ಒಂದಕ್ಕೆ ಐದು ನಿಮಿಷವೂ ಸಿಗಲಿಲ್ಲ. ಆ ನಾಲ್ಕು ವಾಕ್ಯಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ಒಂದೂ ಕೆಲಸಕ್ಕೆ ಬರಲಿಲ್ಲ.

ಸೀಳು ನೋಡಿದ ದಿನವೇ ಅಲ್ಲಿನ ಸಂಗ್ರಹ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ಅವರು ನನ್ನ ವರದಿಯನ್ನೇ ಓದಿ ಹೇಳಿದರು: "ಮೇಡಂ, ನೀವೇ ಬರೆದಿದ್ದೀರಲ್ಲ, ಎಡ ಭುಜದ ಹತ್ತಿರ ಹರಕು ಅಂತ. ಬಂದಾಗಲೂ ಇತ್ತು, ಹೋಗುವಾಗಲೂ ಇದೆ." ಅವರು ಜಗಳಕ್ಕೆ ನಿಂತು ಹೇಳಿದ್ದಲ್ಲ, ನಿಜವಾಗಿಯೂ ಹಾಗೇ ಅಂದುಕೊಂಡಿದ್ದರು. ನಾನು ಮತ್ತೆ ಗೊಂಬೆಯ ಹತ್ತಿರ ಹೋಗಿ ನಿಂತೆ. ಮೇಜಿನ ಮೇಲೆ ಮಲಗಿಸಿದ ಗೊಂಬೆಯಲ್ಲಿ ಹೊಸ ಸೀಳು ನನ್ನ ಎಡಗಡೆಗಿತ್ತು. ಹಳೆಯ ಹರಕು ನನ್ನ ಬಲಗಡೆಗಿತ್ತು, ಅಂದರೆ ರಾವಣನ ಎಡಕ್ಕೆ. ನಾನು ಬರೆಯುವಾಗ ರಾವಣನ ಎಡ ಅಂದುಕೊಂಡು ಬರೆದಿದ್ದೆ. ಅವರು ಓದುವಾಗ ನೋಡುವವರ ಎಡ ಅಂದುಕೊಂಡು ಓದಿದ್ದಾರೆ.

ಕಲ್ಲಿನ ವಿಗ್ರಹವಾದರೆ ಇಷ್ಟಕ್ಕೇ ಮುಗಿಯುತ್ತಿತ್ತು. ವಿಗ್ರಹದ ಎಡ ಅಂದರೆ ವಿಗ್ರಹದ ಎಡ ಅಂತ ಒಪ್ಪಿಕೊಂಡರೆ ಸಾಕು, ಅದಕ್ಕೆ ಬೆನ್ನು ಇದೆ, ಎದೆ ಇದೆ. ತೊಗಲುಗೊಂಬೆಗೆ ಬೆನ್ನೇ ಇಲ್ಲ! ಬಣ್ಣ ಎರಡೂ ಕಡೆ ಇರುತ್ತದೆ. ನಮ್ಮ ರಾವಣ ಎದುರು ಮುಖದವನು, ಎರಡು ಭುಜಕ್ಕೂ ಒಂದೇ ಥರದ ಭುಜಕೀರ್ತಿ. ಗೊಂಬೆಯನ್ನು ತಿರುಗಿಸಿ ಹಾಕಿದರೆ ಎಡ ಬಲವಾಗುತ್ತದೆ, ಆಗಲೂ ಅವನು ನಮ್ಮನ್ನೇ ನೋಡುತ್ತಿರುತ್ತಾನೆ. ಅವರು ಪ್ರದರ್ಶನದಲ್ಲಿ ತಿರುಗಿಸಿಯೇ ಹಾಕಿದ್ದರಂತೆ. ಹಾಗಾಗಿ ಅವರ ಲೆಕ್ಕ, ನನ್ನ ಲೆಕ್ಕ ಎರಡೂ ಇನ್ನಷ್ಟು ಕಲಸಿಹೋಗಿತ್ತು.

ಇಲ್ಲಿ ಸ್ವಲ್ಪ ನಿಂತು ಈ ವಸ್ತು ಎಂಥದ್ದು ಅಂತ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ತೊಗಲುಗೊಂಬೆಯ ತೊಗಲು ಚಪ್ಪಲಿ ಅಂಗಡಿಯ ಚರ್ಮದ ಥರ ಅಲ್ಲ. ಹೆಚ್ಚಾಗಿ ಆಡಿನ ತೊಗಲು. ಕೂದಲು ತೆಗೆದು, ಹೆರೆದು ತೆಳ್ಳಗೆ ಮಾಡಿ, ಬಿಗಿಯಾಗಿ ಎಳೆದು ಒಣಗಿಸಿದ್ದು. ಹದ ಹಾಕಿರುವುದಿಲ್ಲ. ಬೆಳಕು ಹಾಯಬೇಕು, ಅದಕ್ಕೇ ಹೀಗೆ. ಹಿಂದೆ ಹರಳೆಣ್ಣೆ ದೀಪ ಉರಿಯುತ್ತಿದ್ದರೆ ಪರದೆಯ ಮೇಲೆ ಕೆಂಪು ಕೆಂಪಾಗಿಯೇ, ಹಸಿರು ಹಸಿರಾಗಿಯೇ ಹೊಳೆಯಬೇಕು. ಒಡವೆ, ಕಿರೀಟ, ಸೀರೆಯ ಅಂಚು ಎಲ್ಲವನ್ನೂ ಸಣ್ಣ ಸಣ್ಣ ತೂತು ಹೊಡೆದು ತೋರಿಸುತ್ತಾರೆ. ಆ ತೂತಿನಿಂದ ಬರುವ ಬೆಳಕೇ ಒಡವೆಯ ಹೊಳಪು.

ಹದ ಹಾಕದ ತೊಗಲು ನೀರಿನ ವಿಷಯದಲ್ಲಿ ಬಹಳ ಸೂಕ್ಷ್ಮ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಅದನ್ನು ಹೀರಿಕೊಂಡು ಹಿಗ್ಗುತ್ತದೆ, ಮೆತ್ತಗಾಗುತ್ತದೆ. ಗಾಳಿ ಒಣಗಿದರೆ ತೇವ ಬಿಟ್ಟುಕೊಟ್ಟು ಕುಗ್ಗುತ್ತದೆ, ಗಡುಸಾಗುತ್ತದೆ. ಸುಮ್ನೆ ಬಿಟ್ಟರೆ ಅಂಚು ಮುದುರುತ್ತದೆ, ಅಷ್ಟೇ. ಆದರೆ ನಾಲ್ಕು ಮೂಲೆ ಬಿಗಿಯಾಗಿ ಕಟ್ಟಿಟ್ಟರೆ ಮುದುರಲು ಜಾಗ ಇಲ್ಲ. ಆಗ ಎಲ್ಲಿ ಬಲ ಕಮ್ಮಿಯೋ ಅಲ್ಲಿ ಹರಿಯುತ್ತದೆ. ಸಾಲಾಗಿ ತೂತು ಹೊಡೆದ ಕಡೆಯೇ ಬಲ ಕಮ್ಮಿ. ಅಂಚೆ ಚೀಟಿಯನ್ನು ಹಾಳೆಯಿಂದ ಬಿಡಿಸುತ್ತೇವಲ್ಲ, ಹಾಗೆ.

ಈ ಕಲೆಯ ಬಗ್ಗೆ ಈಗ ಜನರಿಗೆ ಸ್ವಲ್ಪ ಗಮನ ಬಂದಿದೆ. 2025ರಲ್ಲಿ ಕೊಪ್ಪಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ನಮ್ಮಲ್ಲಿಗೂ "ತೊಗಲುಗೊಂಬೆ ಇವೆಯಾ" ಅಂತ ಕೇಳಿಕೊಂಡು ಬರುವವರು ಜಾಸ್ತಿಯಾದರು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಅದರ ಸ್ಥಾಪಕ ಎಂ. ಎಸ್. ನಂಜುಂಡರಾವ್ ಅವರ ಕಾಲದಿಂದ ಕೂಡಿಸಿದ ಗೊಂಬೆಗಳನ್ನು ನೋಡಿದವರಿಗೆ ಇವು ಎಷ್ಟು ದೊಡ್ಡ ಕೆಲಸ ಅಂತ ಗೊತ್ತಿರುತ್ತದೆ. ಕೇಳುವವರು ಜಾಸ್ತಿಯಾದಷ್ಟೂ ಗೊಂಬೆಗಳ ಓಡಾಟ ಜಾಸ್ತಿ. ಗೋಡೆಗೆ ತೂಗುವುದು, ಪ್ಯಾಕ್ ಮಾಡುವುದು, ಗಾಡಿಗೆ ಹಾಕುವುದು. ನಮ್ಮ ಸಂಗ್ರಹದ ಗೊಂಬೆಗಳು ಇಪ್ಪತ್ತು ವರ್ಷದಲ್ಲಿ ಕಾಣದ ಓಡಾಟವನ್ನು ಒಂದೇ ವರ್ಷದಲ್ಲಿ ಕಂಡವು.

ಈಗ ಸೀಳಿಗೆ ಬರೋಣ. ಅದು ಹೊಸದು ಅಂತ ಹೇಗೆ ಗೊತ್ತಾಯಿತು?

ಮೊದಲು ಭೂತಗನ್ನಡಿ ಹಿಡಿದು ಅಂಚು ನೋಡಿದೆವು. ಹಳೆಯ ಹರಕಿನ ಅಂಚು ಕಪ್ಪು. ದೀಪದ ಮಸಿ, ಕೈಯ ಜಿಡ್ಡು, ಧೂಳು ಎಲ್ಲ ಸೇರಿ ಅಂಚಿನ ಒಳಗೆಲ್ಲ ಇಳಿದಿದೆ. ಅಂಚು ಸವೆದು ದುಂಡಗಾಗಿದೆ. ಹೊಸ ಸೀಳಿನ ಅಂಚು ತಿಳಿ ಹಳದಿ, ಹೆಚ್ಚುಕಮ್ಮಿ ಕೊಬ್ಬರಿ ಸಿಪ್ಪೆಯ ಒಳಮೈ ಬಣ್ಣ. ಎಳೆ ಎಳೆಯಾಗಿ ನಾರು ಎದ್ದು ನಿಂತಿತ್ತು. ಎರಡು ಬದಿ ಹತ್ತಿರ ತಂದರೆ ಬಣ್ಣದ ಗೆರೆ ಸರಿಯಾಗಿ ಕೂಡುತ್ತಿತ್ತು. ಒಂದು ಚೂರೂ ಸವೆದಿಲ್ಲ. ಇಷ್ಟು ನೋಡಿದರೆ ಕೆಲಸ ಗೊತ್ತಿದ್ದವರಿಗೆ ಸಾಕು. ಆದರೆ ಇದರಿಂದ ಹೊಸದು ಅಂತ ತಿಳಿಯುತ್ತದೆಯೇ ಹೊರತು ಯಾವ ವಾರ ಆಯಿತು ಅಂತ ತಿಳಿಯುವುದಿಲ್ಲ. ನಮ್ಮ ಸ್ಟೋರ್ ರೂಮಿನಲ್ಲೇ, ಗಾಡಿ ಹತ್ತಿಸುವ ಹಿಂದಿನ ದಿನ ಆಗಿರಬಹುದು ಅಂತ ಅವರು ಕೇಳಿದರೆ ನಾನೇನು ಹೇಳಲಿ?

ಆಮೇಲೆ ನೆನಪಾದದ್ದು ಒಂದು ಫೋಟೋ. ಗೊಂಬೆಗಳು ಹೊರಡುವ ಮೂರು ದಿನ ಮೊದಲು ನಮ್ಮ ಸಹೋದ್ಯೋಗಿಯೊಬ್ಬರು ರಾವಣನನ್ನು ಕಿಟಕಿಯ ಪಕ್ಕ ಇಟ್ಟು ಫೋನಿನಲ್ಲಿ ಒಂದು ಫೋಟೋ ತೆಗೆದಿದ್ದರು. ಚೆನ್ನಾಗಿ ಕಂಡಿತು ಅಂತ ತೆಗೆದದ್ದು, ದಾಖಲೆಗೆ ಅಂತ ಅಲ್ಲ. ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನು ತೆರೆದು ದೊಡ್ಡದು ಮಾಡಿದರೆ ಭುಜದ ಭಾಗ ಬರೀ ಮಸುಕು. ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ದಿನ, ಹೊತ್ತು ಎಲ್ಲ ಅಳಿಸಿಹಾಕುತ್ತದೆ. ಪುಣ್ಯಕ್ಕೆ ಅವರ ಫೋನಿನಲ್ಲಿ ಮೂಲ ಚಿತ್ರ ಉಳಿದಿತ್ತು. ದಿನಾಂಕ, ಗಂಟೆ, ನಿಮಿಷ ಎಲ್ಲ ಸಮೇತ.

ಫೋಟೋದಲ್ಲಿ ಅಳತೆಪಟ್ಟಿ ಇರಲಿಲ್ಲ. ಆದರೆ ಗೊಂಬೆಯ ಮೇಲೇ ಒಂದು ಅಳತೆ ಇತ್ತು, ಅದು ಆ ತೂತುಗಳು. ಕೈಯಿಂದ ಒಂದೊಂದಾಗಿ ಹೊಡೆದ ತೂತುಗಳಾದ್ದರಿಂದ ಯಾವ ಎರಡೂ ಒಂದೇ ಥರ ಇಲ್ಲ. ಭುಜಕೀರ್ತಿಯ ಸಾಲಿನಲ್ಲಿ ಅಂಚಿನಿಂದ ಎಣಿಸಿದೆವು. ಆರನೆಯದು ಸ್ವಲ್ಪ ಉದ್ದ, ಉಳಿ ಜಾರಿದ ಹಾಗೆ. ಒಂಬತ್ತನೆಯದು ಸಾಲು ಬಿಟ್ಟು ಕೆಳಗೆ ಇಳಿದಿದೆ. ಈ ಎರಡು ಗುರುತು ಹಿಡಿದು ಫೋಟೋದಲ್ಲಿ ಯಾವ ಭುಜ ಅಂತ ಅನುಮಾನ ಇಲ್ಲದೆ ಹೇಳಬಹುದಾಯಿತು. ಸೀಳು ಶುರುವಾಗುವುದು ನಾಲ್ಕನೆಯ ತೂತಿನಲ್ಲಿ, ನಿಲ್ಲುವುದು ಹನ್ನೊಂದನೆಯದರ ಆಚೆ. ಫೋಟೋದಲ್ಲಿ ನಾಲ್ಕರಿಂದ ಹನ್ನೊಂದರವರೆಗೆ ತೂತುಗಳ ನಡುವಿನ ತೊಗಲು ಗಟ್ಟಿಯಾಗಿತ್ತು. ಕಿಟಕಿ ಬೆಳಕು ಪಕ್ಕದಿಂದ ಬಿದ್ದದ್ದರಿಂದ ಸಣ್ಣ ಬಿರುಕಿದ್ದರೂ ನೆರಳು ಕಾಣಬೇಕಿತ್ತು. ಕಾಣಲಿಲ್ಲ.

ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ತೂತುಗಳಿಗೆ ನಂಬರು ಬರೆದು ಅವರಿಗೆ ಇಮೇಲ್ ಮಾಡಿದೆವು. ಮರುದಿನವೇ ಅವರೇ ಫೋನ್ ಮಾಡಿದರು. "ಹೌದು ಮೇಡಂ, ಇದು ನಮ್ಮಲ್ಲೇ ಆಗಿದೆ" ಅಂದರು. ಅಷ್ಟು ನೇರವಾಗಿ ಒಪ್ಪಿಕೊಂಡವರ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಅವರು ಒಪ್ಪದೇ ಇದ್ದಿದ್ದರೂ ಆಗುತ್ತಿತ್ತು. ನಮ್ಮ ವರದಿಯಲ್ಲಿ ಅವರನ್ನು ಹಿಡಿದು ನಿಲ್ಲಿಸುವಂಥ ಒಂದು ಪದವೂ ಇರಲಿಲ್ಲ.

ಆಮೇಲೆ ಏನಾಯಿತು ಅಂತ ಇಬ್ಬರೂ ಸೇರಿ ಹುಡುಕಿದೆವು. ಪ್ರದರ್ಶನದ ಫೋಟೋಗಳನ್ನು ಅವರು ಕಳಿಸಿದರು. ರಾವಣನನ್ನು ಒಂದು ಮರದ ಚೌಕಟ್ಟಿಗೆ ನೈಲಾನ್ ದಾರದಿಂದ ಕಟ್ಟಿದ್ದರು. ಹೊಸ ತೂತು ಮಾಡಬಾರದು ಅನ್ನುವ ಒಳ್ಳೆಯ ಮನಸ್ಸಿನಿಂದ ಇರುವ ತೂತುಗಳಲ್ಲೇ ದಾರ ಹಾಯಿಸಿದ್ದರು. ಭುಜದ ಹತ್ತಿರ ದಾರ ಹಾಯ್ದದ್ದು ನಾಲ್ಕನೆಯ ತೂತಿನಲ್ಲಿ. ನೈಲಾನ್ ದಾರ ತೆಳ್ಳಗೆ, ಗಟ್ಟಿ, ತೊಗಲಿಗೆ ಅದು ಅಲಗಿನ ಹಾಗೆ. ಗೊಂಬೆ ನೆಟ್ಟಗೆ ಕಾಣಲಿ ಅಂತ ಚೆನ್ನಾಗಿ ಬಿಗಿದಿದ್ದರು.

ಇನ್ನೊಂದು ಕಾರಣ ಗಾಳಿ. ಗಾಳಿಯ ತೇವಾಂಶ ಶೇಕಡಾ ಎಷ್ಟು ಅಂತ ಬರೆಯುವ ಪುಸ್ತಕ ಅವರು ಇಟ್ಟಿದ್ದರು, ಅದನ್ನೂ ಕಳಿಸಿದರು. ಬೆಳಿಗ್ಗೆ 11ಕ್ಕೆ ಒಂದು, ಸಂಜೆ 4ಕ್ಕೆ ಒಂದು. 56, 55, 55, 57, 54. ಮೂರು ತಿಂಗಳೂ ಹೀಗೇ. ಮಳೆಗಾಲದ ಕರಾವಳಿಯಲ್ಲಿ ಇಷ್ಟು ಚೆಂದದ ಅಂಕಿ ನೋಡಿ ನನಗೆ ಮೊದಲು ಸಮಾಧಾನವಾಯಿತು, ಆಮೇಲೆ ಅನುಮಾನ ಬಂತು. ರಾತ್ರಿ ಎಸಿ ಇರುತ್ತದಾ ಅಂತ ಕೇಳಿದೆ. ಇಲ್ಲ, ಬೆಳಿಗ್ಗೆ 9ಕ್ಕೆ ಹಾಕಿ ಸಂಜೆ 6ಕ್ಕೆ ಆರಿಸುತ್ತೇವೆ ಅಂದರು. ಪುಸ್ತಕದಲ್ಲಿ ಬರೆದ ಪ್ರತಿ ಅಂಕಿಯೂ ಎಸಿ ಓಡುತ್ತಿದ್ದಾಗಿನದು. ರಾತ್ರಿಯದು ಒಂದೂ ಇಲ್ಲ.

ನಾವು ಪ್ಯಾಕಿಂಗ್ ಪೆಟ್ಟಿಗೆಯೊಳಗೆ ಒಂದು ಸಣ್ಣ ಡೇಟಾ ಲಾಗರ್, ಅಂದರೆ ತೇವಾಂಶವನ್ನು ತಾನೇ ಅಳೆದು ಬರೆದಿಟ್ಟುಕೊಳ್ಳುವ ಯಂತ್ರ, ಇಟ್ಟು ಕಳಿಸಿದ್ದೆವು, ಪ್ರಯಾಣದ ಲೆಕ್ಕಕ್ಕೆ. ಅದನ್ನು ಯಾರೂ ಹೊರಗೆ ತೆಗೆದಿರಲಿಲ್ಲ. ಖಾಲಿ ಪೆಟ್ಟಿಗೆಯ ಜೊತೆ ಗ್ಯಾಲರಿ ಪಕ್ಕದ ಕೋಣೆಯಲ್ಲಿ ಮೂರು ತಿಂಗಳು ಕೂತಿತ್ತು. ಆ ಕೋಣೆಗೆ ಎಸಿ ಇಲ್ಲ. ಅದರ ಅಂಕಿ ನೋಡಿದರೆ ರಾತ್ರಿ ಎಲ್ಲ 80ರ ಮೇಲೆ. ಅದು ಗ್ಯಾಲರಿಯ ಅಂಕಿ ಅಲ್ಲ, ಅದನ್ನು ಗ್ಯಾಲರಿಯ ಅಂಕಿ ಅಂತ ನಾವು ವರದಿಯಲ್ಲಿ ಬರೆಯಲೂ ಇಲ್ಲ. "ಪಕ್ಕದ ಕೋಣೆ, ಪೆಟ್ಟಿಗೆಯ ಒಳಗೆ" ಅಂತಲೇ ಬರೆದೆವು. ಆದರೆ ಎಸಿ ಆರಿದ ಗ್ಯಾಲರಿಯ ಗಾಳಿ ಆ ಕಡೆಗೆ ಏರಿರಬೇಕು ಅಂತ ಊಹಿಸುವುದು ಕಷ್ಟ ಅಲ್ಲ. ರಾತ್ರಿ ತೊಗಲು ಹಿಗ್ಗುತ್ತದೆ, ಬೆಳಿಗ್ಗೆ ಎಸಿ ಹಾಕಿದ ಮೇಲೆ ಕುಗ್ಗುತ್ತದೆ. ದಾರ ಮಾತ್ರ ಹಾಗೇ ಬಿಗಿಯಾಗಿರುತ್ತದೆ. ಹೀಗೆ ತೊಂಬತ್ತು ದಿನ. ಸ್ಥಿರವಾಗಿ 65 ಇದ್ದಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ದಿನಾ ಏರಿ ಇಳಿಯುವುದೇ ತೊಗಲಿಗೆ ಶತ್ರು.

ಬೆಳಕಿನ ವಿಷಯವನ್ನೂ ಆಗಲೇ ನೋಡಿಕೊಂಡೆವು. ಬಣ್ಣ ಹಾಕಿದ ತೊಗಲು, ಬಟ್ಟೆ, ಕಾಗದ ಇಂಥವಕ್ಕೆ 50 ಲಕ್ಸ್ ದಾಟಬಾರದು ಅನ್ನುವುದು ಎಲ್ಲ ಕಡೆ ಬಳಸುವ ಅಳತೆ. ಲಕ್ಸ್ ಅಂದರೆ ವಸ್ತುವಿನ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವ ಲೆಕ್ಕ. ದಿನಕ್ಕೆ 8 ಗಂಟೆಯಂತೆ 90 ದಿನ ಅಂದರೆ 36,000 ಲಕ್ಸ್ ಗಂಟೆ. ಗೊಂಬೆಯ ಹಿಂದೆ ದೀಪ ಇಟ್ಟು ತೋರಿಸಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ, ಅವರಿಗೂ ಇತ್ತು. ಹಿಂದಿನ ಎಲ್‌ಇಡಿ ಹಲಗೆ ಗೊಂಬೆಯ ಮೇಲೆ 180 ಲಕ್ಸ್ ಬೀಳುವಷ್ಟಿತ್ತು. ಅಷ್ಟೇ ದಿನಕ್ಕೆ ಲೆಕ್ಕ ಹಾಕಿದರೆ 1,29,600. ಮೂರು ತಿಂಗಳಲ್ಲಿ ಹತ್ತು ಹನ್ನೊಂದು ತಿಂಗಳಿಗೆ ಆಗುವಷ್ಟು ಬೆಳಕು ತಿಂದಿದೆ. ಬಣ್ಣ ಮಾಸಿದ್ದು ಕಣ್ಣಿಗೆ ಕಾಣಲಿಲ್ಲ. ಆದರೆ ಮೊದಲಿನ ಬಣ್ಣದ ಅಳತೆ ನಮ್ಮ ಹತ್ತಿರ ಇಲ್ಲದ ಮೇಲೆ ಮಾಸಿಲ್ಲ ಅಂತ ಯಾರು ಹೇಳುವುದು? ಬಣ್ಣದ ಪಟ್ಟಿ ಪಕ್ಕಕ್ಕಿಟ್ಟು ಒಂದೇ ಒಂದು ಫೋಟೋ ತೆಗೆದಿದ್ದರೆ ಹೋಲಿಸಿ ನೋಡಬಹುದಿತ್ತು.

ಈ ಪ್ರಕರಣದಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಹೊಸ ಸೀಳಿಗಿಂತ ಹಳೆಯ ಹರಕು.

ಗೊಂಬೆ ಆಡಿಸುವ ಮನೆತನದ ಹಿರಿಯರೊಬ್ಬರಿಗೆ ನಾವು ಹೇಳಿಕಳಿಸಿದ್ದೆವು. ಈ ಗೊಂಬೆ ಅವರ ಮನೆಯಿಂದಲೇ ಬಂದದ್ದು. ಅವರಿಗೆ ತಿಳಿಸದೆ ರಿಪೇರಿ ಮಾಡುವುದು ಸರಿಯಲ್ಲ ಅಂತ ನನಗೆ ಅನ್ನಿಸಿತ್ತು. ಬಂದರು, ಚಪ್ಪಲಿ ಹೊರಗೆ ಬಿಟ್ಟರು, ಮೊದಲು ಗೊಂಬೆಗೆ ಕೈ ಮುಗಿದರು. ಹೊಸ ಸೀಳು ನೋಡಿ ಏನೂ ಮಾತಾಡಲಿಲ್ಲ. ನಾನು ಹಳೆಯ ವರದಿ ಓದುತ್ತಾ "ಇಲ್ಲೊಂದು ಹರಕಿದೆ ಅಜ್ಜ, ಇದು ಮೊದಲಿನದು" ಅಂದೆ. ಅವರು ಬೆರಳು ತಾಗಿಸದೆ ಸ್ವಲ್ಪ ಮೇಲಿಂದಲೇ ತೋರಿಸಿ ಹೇಳಿದರು:

"ಇದು ಹರಕಲ್ಲ ತಂಗಿ. ಇದು ಹೊಲಿಗಿ. ನಮ್ಮವ್ವ ಹಾಕಿದ್ದು."

ಬಗ್ಗಿ ನೋಡಿದೆ. ಹರಕು ಇತ್ತು ನಿಜ. ಆದರೆ ಅದರ ಎರಡೂ ಬದಿಗೆ ಸಣ್ಣ ಸಣ್ಣ ಹೊಲಿಗೆ. ನೂಲಿಗೂ ಬಣ್ಣ ಬಳಿದಿದ್ದರಿಂದ ನನ್ನ ಕಣ್ಣಿಗೆ ಅದು ತೊಗಲಿನ ಸುಕ್ಕಾಗಿ ಕಂಡಿತ್ತು. ಹಿಂದೆ ಬೇರೆ ತೊಗಲಿನ ಒಂದು ತುಂಡನ್ನೂ ಕೊಟ್ಟು ಹೊಲಿದಿದ್ದರು. ಒಂದು ಆಟದ ನಡುವೆ ಹರಿದಿತ್ತಂತೆ, ಮರುದಿನ ಪಕ್ಕದ ಊರಿನಲ್ಲಿ ಆಟ ಇತ್ತಂತೆ, ಅವ್ವ ರಾತ್ರಿಯೇ ಕೂತು ಹೊಲಿದರಂತೆ. ಆ ಹೊಲಿಗೆ ಹಾಕಿದ ಮೇಲೆ ರಾವಣ ಇನ್ನೂ ಎಷ್ಟೋ ವರ್ಷ ಕುಣಿದಿದ್ದಾನೆ. ನಾನು ಅದನ್ನು ನಾಲ್ಕು ಪದದಲ್ಲಿ "ಭುಜದ ಹತ್ತಿರ ಸಣ್ಣ ಹರಕು" ಅಂತ ಬರೆದು ಮುಗಿಸಿದ್ದೆ. ನಾಳೆ ಯಾರೋ ಬಂದು ಹಳೆಯ ಹರಕನ್ನೂ ನೀಟಾಗಿ ರಿಪೇರಿ ಮಾಡೋಣ ಅಂತ ಆ ನೂಲು ಬಿಚ್ಚಿಬಿಟ್ಟಿದ್ದರೆ? ವರದಿಯಲ್ಲಿ ಹರಕು ಅಂತಲೇ ಇರುವಾಗ ಅವರನ್ನು ತಡೆಯುವವರು ಯಾರು?

ಮಸಿಯ ವಿಷಯವೂ ಹಾಗೇ. "ಮೇಲ್ಮೈ ಕೊಳೆಯಾಗಿದೆ" ಅಂತ ನಾನು ಇನ್ನೊಂದು ಗೊಂಬೆಗೆ ಬರೆದಿದ್ದೆ. ಅಜ್ಜ ಅದನ್ನು ನೋಡಿ, ಇದು ದೀಪದ ಕರಿ, ಎಣ್ಣೆ ದೀಪದ ಕಾಲದ ಗೊಂಬೆ ಅಂತ ಇದರಿಂದಲೇ ಗೊತ್ತಾಗುತ್ತದೆ ಅಂದರು. ಈಗ ನಮ್ಮ ನಮೂನೆಯಲ್ಲಿ ಎರಡು ಬೇರೆ ಬೇರೆ ಕಾಲಂ ಇವೆ. ಒಂದು "ಆಟದ ಗುರುತು": ಹೊಲಿಗೆ, ತೇಪೆ, ಮಸಿ, ಕೈ ಹಿಡಿದು ಸವೆದ ಜಾಗ, ಮತ್ತೆ ಬಳಿದ ಬಣ್ಣ. ಇನ್ನೊಂದು "ಸಂಗ್ರಹಕ್ಕೆ ಬಂದ ಮೇಲಿನ ಹಾನಿ". ಯಾವುದು ಯಾವ ಕಾಲಂಗೆ ಅಂತ ಗೊತ್ತಾಗದಿದ್ದರೆ ಎರಡರ ನಡುವಿನ ಜಾಗದಲ್ಲಿ ಬರೆದು ಪ್ರಶ್ನೆ ಗುರುತು ಹಾಕುತ್ತೇವೆ. ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಬರೆಯುವುದಕ್ಕಿಂತ ಆ ಪ್ರಶ್ನೆ ಗುರುತು ಎಷ್ಟೋ ಮೇಲು.

ಎಡ ಬಲದ ಗೊಂದಲಕ್ಕೂ ಅಜ್ಜನಿಂದಲೇ ದಾರಿ ಸಿಕ್ಕಿತು. ಪರದೆಯ ಕಡೆ, ಆಟಗಾರನ ಕಡೆ ಅಂತ ಹೆಸರಿಡೋಣವೇ ಅಂತ ಕೇಳಿದೆ. ನಕ್ಕುಬಿಟ್ಟರು. "ಎರಡೂ ಕಡಿ ಪರದೆಗೆ ಹತ್ತತಾವು, ಆಟ ಹೆಂಗೋ ಹಂಗ" ಅಂದರು. ಆಮೇಲೆ ಅವರೇ ಬಿದಿರಿನ ಕೋಲು ತೋರಿಸಿದರು. ಗೊಂಬೆಯನ್ನು ಸೀಳಿದ ಬಿದಿರಿನ ನಡುವೆ ಸಿಕ್ಕಿಸಿ ದಾರದಿಂದ ಕಟ್ಟಿರುತ್ತಾರೆ. ಗಂಟು ಒಂದೇ ಕಡೆ ಬರುತ್ತದೆ. ಈಗ ನಾವು ಗಂಟು ಕಾಣುವ ಕಡೆಯನ್ನು "ಗಂಟಿನ ಕಡೆ" ಅನ್ನುತ್ತೇವೆ, ಇನ್ನೊಂದನ್ನು "ಗಂಟಿಲ್ಲದ ಕಡೆ". ಪ್ರತಿ ವಾಕ್ಯವೂ "ಗಂಟಿನ ಕಡೆಯಿಂದ ನೋಡಿದಾಗ, ನೋಡುವವರ ಎಡಕ್ಕೆ" ಅಂತ ಶುರುವಾಗುತ್ತದೆ. ಉದ್ದ ಆಯಿತು, ಇರಲಿ. ಕೋಲು ಬಿಟ್ಟುಹೋದ ಗೊಂಬೆಗಳಿಗೆ ನಂಬರಿನ ಚೀಟಿ ಕಟ್ಟಿದ ಕಡೆ ಲೆಕ್ಕ.

ಈಗ ರಿಪೇರಿ. ಮೊದಲ ವಾರ ನಾವು ಏನೂ ಮಾಡಲಿಲ್ಲ, ಅದನ್ನೂ ವರದಿಯಲ್ಲಿ ಬರೆದಿದ್ದೇವೆ. ಟೇಪ್ ಹಚ್ಚಲಿಲ್ಲ, ಫೆವಿಕಾಲ್ ಹಾಕಲಿಲ್ಲ, ತೊಗಲು ಮೆತ್ತಗಾಗಲಿ ಅಂತ ಎಣ್ಣೆ ಸವರಲಿಲ್ಲ. ಎಣ್ಣೆ ಸವರುವ ಸಲಹೆ ಮೂರು ಜನರಿಂದ ಬಂತು. ಹದ ಹಾಕದ ತೊಗಲಿಗೆ ಎಣ್ಣೆ ಹಾಕಿದರೆ ಕಲೆ ಕೂರುತ್ತದೆ, ಧೂಳು ಹಿಡಿಯುತ್ತದೆ, ಬೆಳಕು ಹಾಯುವ ರೀತಿಯೇ ಬದಲಾಗುತ್ತದೆ, ಮತ್ತೆ ಅದನ್ನು ತೆಗೆಯಲು ಆಗುವುದಿಲ್ಲ. ಗೊಂಬೆಯನ್ನು ಆಮ್ಲ ಇಲ್ಲದ ಹಲಗೆಯ ಮೇಲೆ ಮಲಗಿಸಿ, ಮೇಲೆ ತೊಳೆದ ಹಳೆಯ ಹತ್ತಿ ಬಟ್ಟೆ ಹೊದಿಸಿ, ಸುಮ್ನೆ ಬಿಟ್ಟೆವು. ನಮ್ಮ ಗಾಳಿಗೆ ಅದು ಹೊಂದಿಕೊಳ್ಳಬೇಕಿತ್ತು.

ತಜ್ಞರನ್ನು ಕೇಳಬೇಕು ಅಂದರೆ ನಮ್ಮ ರಾಜ್ಯದಲ್ಲೇ ದಾರಿ ಇದೆ. ಲಖನೌದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಸಣ್ಣ ಸಂಗ್ರಹಾಲಯದವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಅದಕ್ಕೇ ಇಲ್ಲಿ ಹೇಳಿದೆ. ನಮ್ಮ ರಾವಣನನ್ನು ನೋಡಿದ್ದು ಸ್ವತಂತ್ರವಾಗಿ ಕೆಲಸ ಮಾಡುವ ಒಬ್ಬ ಸಂರಕ್ಷಕಿ. ಅವರು ಮೊದಲ ದಿನ ರಿಪೇರಿ ಮಾಡಲೇ ಇಲ್ಲ, ಬರೀ ಫೋಟೋ ತೆಗೆದರು. ಎದುರಿನ ಬೆಳಕಿನಲ್ಲಿ ಒಂದು. ಪಕ್ಕದಿಂದ ಓರೆಯಾಗಿ ಬೆಳಕು ಬಿಟ್ಟು ಒಂದು, ಸುಕ್ಕು, ಉಬ್ಬು, ಏಳುತ್ತಿರುವ ಬಣ್ಣ ಇದರಲ್ಲಿ ಕಾಣುತ್ತದೆ. ಹಿಂದಿನಿಂದ ಬೆಳಕು ಬಿಟ್ಟು ಒಂದು. ಈ ಮೂರನೆಯದನ್ನು ನೋಡಿದಾಗ ನಮಗೆ ಗೊತ್ತೇ ಇಲ್ಲದ ಏಳು ಸೂಜಿಮೊನೆಯಂಥ ತೂತುಗಳು ಕಂಡವು. ತೊಗಲು ತಿನ್ನುವ ಹುಳದ ಕೆಲಸ, ಹಳೆಯದು. ಒಡವೆಯ ತೂತುಗಳ ನಡುವೆ ಸೇರಿಕೊಂಡು ಇಷ್ಟು ವರ್ಷ ಅವಿತಿದ್ದವು. ಬೆಳಕಿನ ಎದುರು ಹಿಡಿದು ನೋಡಲಿಕ್ಕೇ ಮಾಡಿದ ವಸ್ತುವನ್ನು ನಾವು ಒಮ್ಮೆಯೂ ಹಾಗೆ ನೋಡಿರಲಿಲ್ಲ.

ರಿಪೇರಿ ಅಂದರೆ ಇಷ್ಟೇ. ಸೀಳಿನ ಸುತ್ತ ಸ್ವಲ್ಪ ಸ್ವಲ್ಪವೇ ತೇವದ ಗಾಳಿ ಕೊಟ್ಟು, ತೊಗಲು ಮಣಿದ ಮೇಲೆ ಸಣ್ಣ ತೂಕ ಇಟ್ಟು ಎರಡು ಅಂಚು ಕೂಡಿಸಿದರು. ನೀರು ನೇರ ತಾಗಿಸಲಿಲ್ಲ. ಹಿಂದಿನಿಂದ ತೆಳು ಜಪಾನಿ ಟಿಶ್ಯೂ ಕಾಗದದ ಪಟ್ಟಿಗಳನ್ನು ಜೆಲಟಿನ್ ಅಂಟಿನಲ್ಲಿ ಕೂರಿಸಿದರು. ಒಂದೇ ಉದ್ದ ಪಟ್ಟಿ ಅಲ್ಲ, ತೂತು ಮುಚ್ಚದ ಹಾಗೆ ನಡುವೆ ನಡುವೆ ಐದು ಸಣ್ಣ ಪಟ್ಟಿ. ಬೆಳಕಿನ ಎದುರು ಹಿಡಿದರೆ ಪಟ್ಟಿಗಳು ನಸುವಾಗಿ ಕಾಣುತ್ತವೆ, ಕಾಣಲಿ ಅಂತಲೇ ಬಿಟ್ಟಿದ್ದಾರೆ. ಬೇಕಾದಾಗ ತೆಗೆಯಬಹುದು. ಅವ್ವನ ಹೊಲಿಗೆಯನ್ನು ಮುಟ್ಟಲಿಲ್ಲ.

ಈಗ ನಮ್ಮ ಹೊಸ ವರದಿಯಲ್ಲಿ ಆ ಒಂದು ಸೀಳಿನ ಬಗ್ಗೆ ಇರುವುದನ್ನು ಹಾಗೇ ಕೊಡುತ್ತೇನೆ: "ಗಂಟಿನ ಕಡೆಯಿಂದ, ನೋಡುವವರ ಎಡ ಭುಜಕೀರ್ತಿ. ಹೊರ ಅಂಚಿನಿಂದ ಎಣಿಸಿ 4ನೇ ತೂತಿನಿಂದ 11ನೇ ತೂತಿನ ಆಚೆಗೆ ಸೀಳು, 38 ಮಿ.ಮೀ. ಅಂಚು ತಿಳಿ ಬಣ್ಣ, ನಾರು ಎದ್ದಿದೆ, ತೊಗಲು ಕಳೆದುಹೋಗಿಲ್ಲ. ಹಿಂಬದಿ 5 ಟಿಶ್ಯೂ ಪಟ್ಟಿ, ಜೆಲಟಿನ್ ಅಂಟು. ಫೋಟೋ 12, 13, 17. ನೋಡಿದವರು, ದಿನಾಂಕ, ಕೋಣೆಯ ತೇವಾಂಶ." ಇದರಲ್ಲಿ "ಚೆನ್ನಾಗಿದೆ" ಇಲ್ಲ, "ಸ್ವಲ್ಪ" ಇಲ್ಲ, "ಅಲ್ಲಲ್ಲಿ" ಇಲ್ಲ. ಜೊತೆಗೆ ಗೊಂಬೆಯ ಹೊರಗೆರೆಯ ಒಂದು ಚಿತ್ರ, ಅದರ ಮೇಲೆ ಪೆನ್ಸಿಲಿನಲ್ಲಿ ಗುರುತು. ಗೊಂಬೆ ಮೇಜಿನ ಮೇಲಿರುವಾಗ ಕೋಣೆಯಲ್ಲಿ ಪೆನ್ನು ತೆರೆಯುವಂತಿಲ್ಲ, ಪೆನ್ಸಿಲ್ ಮಾತ್ರ. ಒಂದು ಗೊಂಬೆಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಎಲ್ಲಿಂದ ತರೋದು ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ: ಗಾಡಿ ಬರುವ ದಿನ ಬರೆಯಬೇಡಿ, ಹಿಂದಿನ ವಾರ ಬರೆದಿಡಿ. ಗಾಡಿಯ ದಿನ ಬರೀ ತಾಳೆ ನೋಡಿ ಸಹಿ ಹಾಕಿ.

ಕೇಂದ್ರ ಸರ್ಕಾರದ ಸಂಗ್ರಹಾಲಯಗಳಿಗೆ ಅಂತ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಪುಣೆಯ ಸಿ-ಡ್ಯಾಕ್ ಮಾಡಿದ, ಸಂಗ್ರಹದ ದಾಖಲೆ ಇಡುವ ತಂತ್ರಾಂಶದ ಹೆಸರು "ಜತನ್". ನಮ್ಮಲ್ಲೂ ಅಜ್ಜಿಯಂದಿರು ಒಡವೆ ಕೊಡುವಾಗ "ಜತನ" ಅನ್ನುತ್ತಾರಲ್ಲ, ಅದೇ ಪದ. ನಮ್ಮಂಥ ಕಡೆ ಇನ್ನೂ ಕಂಪ್ಯೂಟರಿನ ಎಕ್ಸೆಲ್ ಹಾಳೆ ಮತ್ತು ದಾರ ಕಟ್ಟಿದ ಫೈಲೇ ಗತಿ. ಫೋಟೋಗಳ ಮೂಲ ಪ್ರತಿ ಎರಡು ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಕಟ್ಟಡದಲ್ಲಿ ಇಟ್ಟಿದ್ದೇವೆ. ವಾಟ್ಸಾಪಿನಲ್ಲಿ ಬಂದದ್ದನ್ನು ದಾಖಲೆ ಅಂತ ತೆಗೆದುಕೊಳ್ಳುವುದಿಲ್ಲ.

ನಮ್ಮ ಎರವಲು ಒಪ್ಪಂದಕ್ಕೆ ಮೂರು ಸಾಲು ಸೇರಿವೆ. ಗೊಂಬೆಯನ್ನು ತೂತಿನಲ್ಲಿ ದಾರ ಹಾಕಿ ಕಟ್ಟುವಂತಿಲ್ಲ, ಓರೆ ಹಲಗೆಯ ಮೇಲೆ ಒರಗಿಸಿಡಬೇಕು. ಲಾಗರ್ ಗೊಂಬೆಯ ಪಕ್ಕದಲ್ಲೇ ಇರಬೇಕು. ಪೆಟ್ಟಿಗೆ ತೆರೆದ ದಿನ ಎರಡೂ ಕಡೆಯವರು ವಿಡಿಯೋ ಕರೆಯಲ್ಲಿ ಕೂತು, ವರದಿ ಹಿಡಿದು, ಸಾಲು ಸಾಲಾಗಿ ತಾಳೆ ನೋಡಬೇಕು.

ಹೋದ ತಿಂಗಳು ಕರಾವಳಿಯ ಅದೇ ಸಂಗ್ರಹಾಲಯದವರು ನಮ್ಮ ನಮೂನೆ ಕಳಿಸಿ ಅಂತ ಕೇಳಿದರು. ಅವರ ಹತ್ತಿರ ಇರುವ ಯಕ್ಷಗಾನದ ಹಳೆಯ ಕಿರೀಟ, ಭುಜಕೀರ್ತಿಗಳಿಗೆ ಬಳಸುತ್ತಾರಂತೆ. ಕಳಿಸಿದೆ. ನಾಲ್ಕು ದಿನ ಬಿಟ್ಟು ಅವರು ತಿದ್ದಿದ ಪ್ರತಿ ನಮಗೂ ಬಂತು. ಅವರು ಒಂದು ಸಾಲು ತಾವೇ ಸೇರಿಸಿದ್ದರು: "ರಾತ್ರಿ ಎಸಿ ಇದೆಯೇ? ಇಲ್ಲದಿದ್ದರೆ ಬೆಳಿಗ್ಗೆ ಎಸಿ ಹಾಕುವ ಮೊದಲಿನ ತೇವಾಂಶ ಎಷ್ಟು?" ಆ ಸಾಲನ್ನು ನಮ್ಮ ನಮೂನೆಗೂ ಹಾಕಿಕೊಂಡಿದ್ದೇವೆ. ನಮಗೆ ಎಸಿಯೇ ಇಲ್ಲ, ಆದರೂ ಕಾಲಂ ಖಾಲಿ ಬಿಡದೆ "ಇಲ್ಲ" ಅಂತ ಬರೆಯುತ್ತಿದ್ದೇವೆ.